ಮಾತು ಕೇಳದ ಟಚ್‌ಪ್ಯಾಡ್: ಲಿನಕ್ಸ್‌ನಲ್ಲಿ ದೋಷ ಹುಡುಕುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ನೋಡೋಣವೇ ಎಂಬ ಯೋಚನೆ ಈಗ ಯಾರಿಗಾದರೂ ಬರಬಹುದಾದದ್ದು. ಹಾಕುವುದೇನೂ ಕಷ್ಟವಲ್ಲ. ಉಬುಂಟು, ಮಿಂಟ್, ಫೆಡೊರಾ ಯಾವುದೇ ಇರಲಿ, ಸಾಮಾನ್ಯವಾಗಿ ವೈಫೈ ತಾನಾಗಿ ಸಿಗುತ್ತದೆ, ಸದ್ದೂ ಬರುತ್ತದೆ. ತಕರಾರು ಶುರುವಾಗುವುದು ಬೆರಳ ತುದಿಯಲ್ಲಿ. ಬಲಮೂಲೆ ಒತ್ತಿದರೆ ಮೆನು ತೆರೆಯುವುದಿಲ್ಲ. ಪತ್ರ ಬರೆಯುತ್ತಿದ್ದಂತೆ ಕರ್ಸರ್ ಎರಡು ಸಾಲು ಮೇಲಕ್ಕೆ ಹಾರಿ ಅಲ್ಲೇ ಅಕ್ಷರ ಉದುರಿಸತೊಡಗುತ್ತದೆ. ಸ್ಕ್ರೋಲ್ ಮಾಡಿದರೆ ಪುಟ ಮುಗ್ಗರಿಸುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಟಚ್‌ಪ್ಯಾಡ್ ಸತ್ತೇ ಹೋಗಿರುತ್ತದೆ.

ಇವಿಷ್ಟಕ್ಕೂ ಜನ ಹೇಳುವುದು ಒಂದೇ ಮಾತು: ‘ಟಚ್‌ಪ್ಯಾಡ್ ಸರಿಯಿಲ್ಲ.’ ಹಾಗೆಂದು ಅಂತರ್ಜಾಲದಲ್ಲಿ ಸಿಕ್ಕ ಮೊದಲ ಕಮಾಂಡನ್ನು ನಕಲು ಮಾಡಿ ಟರ್ಮಿನಲ್ಲಿಗೆ ಅಂಟಿಸುತ್ತಾರೆ. ಅದು ಫಲಿಸದಿದ್ದರೆ ಎರಡನೆಯದು, ಅದೂ ಆಗದಿದ್ದರೆ ಮೂರನೆಯದು. ಸಂಜೆಯ ಹೊತ್ತಿಗೆ ಮೂಲ ದೋಷ ಇದ್ದಲ್ಲೇ ಇರುತ್ತದೆ, ಜತೆಗೆ ಇನ್ನೆರಡು ಹೊಸದಾಗಿ ಸೇರಿಕೊಂಡಿರುತ್ತವೆ. ಏನನ್ನೂ ಬದಲಿಸುವ ಮುನ್ನ ದೋಷ ಯಾವ ಹಂತದಲ್ಲಿದೆ ಎಂದು ಪತ್ತೆ ಮಾಡಿ ಎನ್ನುವುದು ನನ್ನ ಸಲಹೆ. ಪತ್ತೆಯಾದರೆ ಪರಿಹಾರಕ್ಕೆ ಎಷ್ಟೋ ಸಲ ಸೆಟ್ಟಿಂಗ್ಸ್‌ನ ಒಂದು ಗುಂಡಿ ಸಾಕಾಗುತ್ತದೆ.

ನಾಲ್ಕು ಹಂತ

ಬೆರಳು ಜಾರಿದ ಸುದ್ದಿ ನಾಲ್ಕು ಕೈ ದಾಟಿ ಪರದೆ ಮುಟ್ಟುತ್ತದೆ. ಮೊದಲನೆಯದು ಟಚ್‌ಪ್ಯಾಡಿನ ಹಲಗೆ. ಬೆರಳು ತಾಕಿದಾಗ ಆಗುವ ಸೂಕ್ಷ್ಮ ವಿದ್ಯುತ್ ವ್ಯತ್ಯಾಸವನ್ನು ಅದು ಅಳೆಯುತ್ತದೆ. ಎರಡನೆಯದು ಲಿನಕ್ಸ್ ಕರ್ನಲ್. ಹಲಗೆ ಕಳಿಸಿದ ಅಂಕಿಗಳನ್ನು ಓದಿ ‘ಇಲ್ಲಿ ಒಂದು ಬೆರಳಿದೆ, ಅಲ್ಲಿ ಇನ್ನೊಂದಿದೆ’ ಎಂದು ಹೇಳುವುದಷ್ಟೇ ಅದರ ಕೆಲಸ. ಆ ಬೆರಳುಗಳ ಅರ್ಥವೇನು, ಕ್ಲಿಕ್ಕೋ ಸ್ಕ್ರೋಲೋ ಅಥವಾ ಅಂಗೈ ಅಕಸ್ಮಾತ್ ತಾಗಿದ್ದೋ ಎಂದು ತೀರ್ಮಾನಿಸುವುದು ಮೂರನೆಯದಾದ ಲಿಬ್‌ಇನ್‌ಪುಟ್. ನಾಲ್ಕನೆಯದು ನಿಮ್ಮ ಡೆಸ್ಕ್‌ಟಾಪ್: ಗ್ನೋಮ್, ಕೆಡಿಇ ಪ್ಲಾಸ್ಮಾ, ಸಿನಮನ್ ಇತ್ಯಾದಿ. ಯಾವ ಸೌಲಭ್ಯ ಚಾಲೂ, ಯಾವುದು ಬಂದ್ ಎಂಬ ನಿಮ್ಮ ಇಷ್ಟವನ್ನು ಲಿಬ್‌ಇನ್‌ಪುಟ್‌ಗೆ ತಿಳಿಸುವುದು ಇದೇ.

ಮೂರನೆಯ ಹಂತದ ಚರಿತ್ರೆ ಸ್ವಲ್ಪ ತಿಳಿದಿರಬೇಕು, ಏಕೆಂದರೆ ಅಂತರ್ಜಾಲದ ಅರ್ಧದಷ್ಟು ಗೊಂದಲ ಅಲ್ಲಿಂದಲೇ ಹುಟ್ಟಿದೆ. ಮೊದಲು ಈ ಕೆಲಸ ಮಾಡುತ್ತಿದ್ದದ್ದು ಸಿನಾಪ್ಟಿಕ್ಸ್ ಎಂಬ ಡ್ರೈವರ್. ಅದರಲ್ಲಿ ಹತ್ತಾರು ತಿರುಪುಗಳಿದ್ದವು. ಬೆರಳಿನ ಒತ್ತಡ ಎಷ್ಟಿರಬೇಕು, ಅಂಚಿನ ಅಳತೆ ಎಷ್ಟು, ವೇಗ ಎಷ್ಟು ಎಂಬುದನ್ನೆಲ್ಲ ಬಳಕೆದಾರರೇ ತಿರುಗಿಸಿಕೊಳ್ಳಬಹುದಿತ್ತು. ಲಿಬ್‌ಇನ್‌ಪುಟ್‌ನ 1.0 ಆವೃತ್ತಿ 2015ರಲ್ಲಿ ಬಂತು. ಅದನ್ನು ಬಹುಕಾಲದಿಂದ ನೋಡಿಕೊಂಡು ಬಂದವರು ರೆಡ್ ಹ್ಯಾಟ್ ಕಂಪನಿಯ ಪೀಟರ್ ಹಟರರ್. ಬಳಕೆದಾರನಿಗೆ ತಿರುಪು ಕಡಿಮೆ ಕೊಡೋಣ, ಒಂದೊಂದು ಮಾದರಿಯ ಲ್ಯಾಪ್‌ಟಾಪಿನ ವಕ್ರತನವನ್ನು ಒಳಗೇ ಸರಿಪಡಿಸೋಣ ಎಂಬುದು ಇದರ ಧೋರಣೆ. ಈ ಧೋರಣೆಯನ್ನು ಬೈಯುವವರೂ ಇದ್ದಾರೆ. ನನಗಂತೂ ಅದು ಸರಿಯೆನಿಸುತ್ತದೆ. ಒಂದು ಮಾದರಿಗೆ ಒಮ್ಮೆ ಸರಿಪಡಿಸಿದರೆ ಆ ಮಾದರಿ ಇಟ್ಟುಕೊಂಡ ಎಲ್ಲರಿಗೂ ಸರಿಹೋಗುತ್ತದೆ.

ಫಲಿತಾಂಶ ಇಷ್ಟು: ‘ಸಿನ್‌ಕ್ಲೈಂಟ್’ ಎಂಬ ಕಮಾಂಡ್ ಬಳಸಿ ಎನ್ನುವ ಯಾವುದೇ ಸಲಹೆ ಹಳೆಯ ಡ್ರೈವರಿಗೆ ಸೇರಿದ್ದು. ಅದನ್ನು ನಂಬಿ ಹಳೆಯ ಸಿನಾಪ್ಟಿಕ್ಸ್ ಡ್ರೈವರನ್ನು ಇನ್‌ಸ್ಟಾಲ್ ಮಾಡಿದಿರೋ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರ ಸೆಷನ್ನಿನಲ್ಲಿ ಅದು ಲಿಬ್‌ಇನ್‌ಪುಟ್ಟನ್ನು ಬದಿಗೆ ತಳ್ಳಿ ತಾನೇ ಕೂರುತ್ತದೆ. ಗ್ನೋಮ್ ಅದರ ಬೆಂಬಲವನ್ನು ಎಂದೋ ಕೈಬಿಟ್ಟಿರುವುದರಿಂದ ಸೆಟ್ಟಿಂಗ್ಸ್ ಪುಟದಲ್ಲಿ ಟಚ್‌ಪ್ಯಾಡಿನ ಆಯ್ಕೆಗಳೇ ಕೆಲಸ ಮಾಡದಂತಾಗುತ್ತವೆ. ನಿಮ್ಮ ಗಣಕದಲ್ಲಿ ಆ ಪ್ಯಾಕೇಜ್ ಇದ್ದು, ನೀವು ಬೇಕೆಂದೇ ಹಾಕಿಕೊಂಡಿಲ್ಲದಿದ್ದರೆ, ತೆಗೆದುಹಾಕಿ ಲಾಗೌಟ್ ಆಗಿ ಬನ್ನಿ. ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಕಮಾಂಡ್ ಹೊಡೆಯುವ ಮೊದಲು

ಚಾರ್ಜರ್ ಕಿತ್ತು ನೋಡಿ. ಇದು ಮೊದಲ ಪರೀಕ್ಷೆ, ಖರ್ಚಿಲ್ಲದ ಪರೀಕ್ಷೆ. ಬ್ಯಾಟರಿಯಲ್ಲಿ ನಡೆಯುವಾಗ ಸರಿಯಾಗಿದ್ದು ಚಾರ್ಜರ್ ಸಿಕ್ಕಿಸಿದ ಕೂಡಲೇ ಕರ್ಸರ್ ನಡುಗಿದರೆ, ಹಾರಿದರೆ, ತಾನಾಗಿ ಕ್ಲಿಕ್ ಆದರೆ ಲಿನಕ್ಸ್ ನಿರಪರಾಧಿ. ತಪ್ಪು ಗೋಡೆಯ ಪ್ಲಗ್ಗಿನಲ್ಲೋ ಚಾರ್ಜರಿನಲ್ಲೋ ಇದೆ. ಚಾರ್ಜರಿನೊಳಗೆ ವಿದ್ಯುತ್ತಿನ ಗದ್ದಲ ತಗ್ಗಿಸಲು ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಸರಿಯಿದ್ದರೆ ಆ ಗದ್ದಲ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಮೈಗೇ ಬರುತ್ತದೆ. ಲೋಹದ ಮೈ ಇರುವ ಲ್ಯಾಪ್‌ಟಾಪಿನ ಮೇಲೆ ಮುಂಗೈ ಇಟ್ಟಾಗ ಜುಮ್ ಎನ್ನುವುದು ಇದರಿಂದಲೇ. ಬೆರಳಿನ ಸೂಕ್ಷ್ಮ ವ್ಯತ್ಯಾಸವನ್ನು ಅಳೆಯಬೇಕಾದ ಹಲಗೆಗೆ ಈ ಗದ್ದಲದಲ್ಲಿ ಬೆರಳು ಯಾವುದು, ಸುಳ್ಳು ಯಾವುದು ಎಂದು ತಿಳಿಯುವುದಿಲ್ಲ.

ನಮ್ಮ ಕಡೆ ಇದು ಅಪರೂಪವಲ್ಲ. ಹಳೆಯ ಮನೆಗಳಲ್ಲಿ, ಪಿಜಿಗಳಲ್ಲಿ, ಬಾಡಿಗೆ ಅಂಗಡಿಗಳಲ್ಲಿ ಸಾಕೆಟ್ಟಿಗೆ ಮೂರು ತೂತಿರುತ್ತವೆ, ಮೇಲಿನ ದೊಡ್ಡ ತೂತಿಗೆ ತಂತಿಯೇ ಬಂದಿರುವುದಿಲ್ಲ. ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಗ್ಗದ ಕನ್ವರ್ಟರ್ ನಡುವೆ ಕೂತಿರುತ್ತದೆ. ಇನ್ನೊಂದು ಮನೆಯ, ಇಲ್ಲವೇ ಕಚೇರಿಯ ಪ್ಲಗ್ಗಿನಲ್ಲಿ ಪರೀಕ್ಷಿಸಿ. ಅಲ್ಲಿ ಸರಿಯಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಟಚ್‌ಪ್ಯಾಡಿಗಿಂತ ಮನೆಯವರ ಜೀವಕ್ಕೆ ಅದು ಹೆಚ್ಚು ಮುಖ್ಯ. ಎಲ್ಲ ಕಡೆಯೂ ಅದೇ ಪಾಡಾದರೆ ಚಾರ್ಜರ್ ಬದಲಿಸಿ ನೋಡಿ. ಕಂಪನಿಯ ಚಾರ್ಜರ್ ಹಾಳಾದಾಗ ತಂದ ನಕಲಿ ಮಾಲಿನ ಮೇಲೆ ನನ್ನ ಗುಮಾನಿ ಯಾವಾಗಲೂ ಇದ್ದೇ ಇರುತ್ತದೆ.

ಎರಡನೆಯದಾಗಿ, ಹಲಗೆಯನ್ನು ಓರೆಯಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಒಂದು ಬದಿ ಉಬ್ಬಿದೆಯೇ? ಒತ್ತಿದರೆ ‘ಟಕ್’ ಎನ್ನುವುದು ನಿಂತಿದೆಯೇ? ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲ್ಲಾಡುತ್ತಿದೆಯೇ? ಹೌದಾದರೆ ಕೆಳಗಿರುವ ಬ್ಯಾಟರಿ ಊದಿಕೊಂಡಿರಬಹುದು. ಇಂಥದ್ದನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ಆರಿಸಿ, ರಿಪೇರಿಯವರ ಕೈಗೆ ಕೊಡಿ. ಊದಿದ ಲಿಥಿಯಂ ಬ್ಯಾಟರಿ ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಈ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಬೇಡಿ.

ಉಳಿದವು ಚಿಲ್ಲರೆ ಕಾರಣಗಳು. ಚೆಂದಕ್ಕೆಂದು ಅಂಗಡಿಯಲ್ಲಿ ಮೆತ್ತಿಸಿಕೊಂಡ ದಪ್ಪ ಸ್ಟಿಕ್ಕರ್, ಕೈಯ ಬೆವರು, ಎಣ್ಣೆ, ಒಣಗಿದ ಕಾಫಿ. ಕರಾವಳಿಯ ಬೇಸಿಗೆಯಲ್ಲಿ ಬೆವರಿನದೇ ದೊಡ್ಡ ಪಾಲು. ಒರೆಸಿ ನೋಡಿ. ಮೇಲಿನ ಸಾಲಿನ ಎಫ್ ಕೀಲಿಗಳಲ್ಲಿ ಟಚ್‌ಪ್ಯಾಡಿನ ಚಿತ್ರ ಇರುವುದೊಂದಿದ್ದರೆ ಅದನ್ನು ಎಫ್‌ಎನ್ ಜತೆಗೊಮ್ಮೆ, ಬಿಟ್ಟೊಮ್ಮೆ ಒತ್ತಿ. ಯಾವಾಗಲೋ ತಿಳಿಯದೆ ಒತ್ತಿ ಬಂದ್ ಮಾಡಿಕೊಂಡಿರುವುದು ಉಂಟು. ಬಯಾಸ್‌ನಲ್ಲೂ ಟಚ್‌ಪ್ಯಾಡ್ ಆಯ್ಕೆ ಇರಬಹುದು. ಕೆಲವು ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ‘ಬೇಸಿಕ್’, ‘ಅಡ್ವಾನ್ಸ್ಡ್’ ಎಂದು ಎರಡು ಬಗೆ ಇವೆ. ಅಡ್ವಾನ್ಸ್ಡ್‌ನಲ್ಲಿ ಸತ್ತಂತಿರುವ ಟಚ್‌ಪ್ಯಾಡ್ ಬೇಸಿಕ್‌ನಲ್ಲಿ ಬದುಕಬಹುದು, ಆದರೆ ಮೌಸಿನಷ್ಟೇ ಕೆಲಸ ಮಾಡೀತು.

ವೈರ್‌ಲೆಸ್ ಮೌಸಿನ ಪುಟ್ಟ ಡಾಂಗಲ್ ಯುಎಸ್‌ಬಿ ಕಿಂಡಿಯಲ್ಲೇ ಉಳಿದಿದೆಯೇ ಎಂದೂ ನೋಡಿ. ಮೌಸ್ ಸಿಕ್ಕಿಸಿದಾಗ ಟಚ್‌ಪ್ಯಾಡ್ ಬಂದ್ ಮಾಡುವ ಆಯ್ಕೆ ಗ್ನೋಮ್, ಕೆಡಿಇ ಎರಡರಲ್ಲೂ ಉಂಟು. ಮೌಸ್ ಊರಲ್ಲಿ, ಡಾಂಗಲ್ ಲ್ಯಾಪ್‌ಟಾಪಿನಲ್ಲಿ ಇದ್ದರೂ ಗಣಕದ ಪಾಲಿಗೆ ಮೌಸ್ ಇದ್ದೇ ಇದೆ.

ದೋಷವಲ್ಲ, ಆಯ್ಕೆ

ದೂರುಗಳಲ್ಲಿ ದೊಡ್ಡ ಪಾಲು ದೋಷವೇ ಅಲ್ಲ. ಯಾರೋ ಮಾಡಿಟ್ಟ ಆಯ್ಕೆ ನಿಮ್ಮ ಅಭ್ಯಾಸಕ್ಕೆ ಹೊಂದಿಲ್ಲ, ಅಷ್ಟೆ.

ಬಲ ಕ್ಲಿಕ್ಕಿನ ಗಲಾಟೆಯನ್ನೇ ನೋಡಿ. ಗುಂಡಿಗಳು ಪ್ರತ್ಯೇಕವಾಗಿಲ್ಲದ ಟಚ್‌ಪ್ಯಾಡಿನಲ್ಲಿ ಬಲ ಕ್ಲಿಕ್ ಮಾಡಲು ಎರಡು ಪದ್ಧತಿಗಳಿವೆ. ಕೆಳಗಿನ ಬಲಮೂಲೆ ಒತ್ತುವುದು ಒಂದು, ಎಲ್ಲಿ ಬೇಕಾದರೂ ಎರಡು ಬೆರಳಿಟ್ಟು ಒತ್ತುವುದು ಇನ್ನೊಂದು. 2018ರ ಗ್ನೋಮ್ 3.28 ಎರಡು ಬೆರಳಿನ ಪದ್ಧತಿಯನ್ನೇ ಮೊದಲ ಆಯ್ಕೆ ಮಾಡಿತು. ಮೂಲೆ ಒತ್ತಿ ಅಭ್ಯಾಸವಾದವರಿಗೆ ಬಲ ಕ್ಲಿಕ್ ಕೆಟ್ಟುಹೋದಂತೆ ಕಂಡಿತು. ಗ್ನೋಮ್ 46ರಿಂದ ಸೆಟ್ಟಿಂಗ್ಸ್‌ನ ‘ಮೌಸ್ ಅಂಡ್ ಟಚ್‌ಪ್ಯಾಡ್’ ಪುಟದಲ್ಲೇ ‘ಸೆಕೆಂಡರಿ ಕ್ಲಿಕ್’ ಎಂಬ ಆಯ್ಕೆ ಇದೆ. ಅದಕ್ಕಿಂತ ಹಳೆಯದಾದರೆ ಗ್ನೋಮ್ ಟ್ವೀಕ್ಸ್ ಹಾಕಿಕೊಂಡು ‘ಮೌಸ್ ಕ್ಲಿಕ್ ಎಮ್ಯುಲೇಷನ್’ ಎಂಬಲ್ಲಿ ‘ಏರಿಯಾ’ ಆರಿಸಿ. ಕೆಡಿಇಯ ಟಚ್‌ಪ್ಯಾಡ್ ಪುಟದಲ್ಲಿ ಎರಡೂ ಸಿಗುತ್ತವೆ. ಹೆಬ್ಬೆರಳನ್ನು ಕೆಳಗೆ ಊರಿಕೊಂಡೇ ತೋರುಬೆರಳು ಆಡಿಸುವವರಿಗೆ ಮೂಲೆ ಪದ್ಧತಿಯೇ ವಾಸಿ. ಇಲ್ಲದಿದ್ದರೆ ಎಡ ಕ್ಲಿಕ್ ಬಯಸಿದಾಗ ಬಲ ಮೆನು ತೆರೆದು ತಲೆ ತಿನ್ನುತ್ತದೆ.

ಮೆಲ್ಲಗೆ ತಟ್ಟಿದರೆ ಕ್ಲಿಕ್ ಆಗುವುದಿಲ್ಲ ಎಂಬ ದೂರಿಗೂ ಉತ್ತರ ಅದೇ ಪುಟದಲ್ಲಿದೆ. ‘ಟ್ಯಾಪ್ ಟು ಕ್ಲಿಕ್’ ಲಿಬ್‌ಇನ್‌ಪುಟ್‌ನಲ್ಲಿ ಸ್ವಭಾವತಃ ಬಂದ್ ಆಗಿರುತ್ತದೆ. ತಟ್ಟಿದರೆ ಕ್ಲಿಕ್ ಆಗುತ್ತದೆಂದು ಗೊತ್ತಿಲ್ಲದವರಿಗೆ ಎಲ್ಲೆಲ್ಲೋ ಕ್ಲಿಕ್ ಆಗಿ ಗಾಬರಿಯಾಗಬಾರದು ಎಂಬುದು ಅದರ ಹಿಂದಿನ ತರ್ಕ. ಚಾಲೂ ಮಾಡಿಕೊಳ್ಳಿ. ಪುಟ ತಿರುವುಮುರುವಾಗಿ ಸರಿಯುತ್ತಿದ್ದರೆ ‘ನ್ಯಾಚುರಲ್ ಸ್ಕ್ರೋಲಿಂಗ್’ ಗುಂಡಿಯನ್ನು ಆಚೀಚೆ ಮಾಡಿ.

ಇನ್ನೊಂದು ವಿಚಿತ್ರ ಉಂಟು. ಬರೆಯುತ್ತಿರುವ ಕಡತದ ನಡುವೆ ಎಲ್ಲಿಂದಲೋ ಬಂದ ಸಾಲು ತಾನಾಗಿ ಅಂಟಿಕೊಳ್ಳುವುದು. ವೈರಸ್ ಎಂದು ಹೆದರಿದವರಿದ್ದಾರೆ. ಲಿನಕ್ಸ್‌ನಲ್ಲಿ ಮೌಸಿನ ನಡುಗುಂಡಿ ಒತ್ತಿದರೆ ನೀವು ಕೊನೆಗೆ ಆರಿಸಿದ ಪಠ್ಯ ಅಲ್ಲಿ ಅಂಟಿಕೊಳ್ಳುತ್ತದೆ. ಯುನಿಕ್ಸ್ ಕಾಲದಿಂದ ಬಂದ ಸಂಪ್ರದಾಯ ಇದು. ಟಚ್‌ಪ್ಯಾಡಿನಲ್ಲಿ ಮೂರು ಬೆರಳು ತಟ್ಟಿದರೆ ಅದೇ ನಡುಗುಂಡಿ. ಅಂಗೈ ಮತ್ತು ಎರಡು ಬೆರಳು ಸೇರಿದರೂ ಮೂರೇ. ಗ್ನೋಮ್ ಟ್ವೀಕ್ಸ್‌ನಲ್ಲಿ ‘ಮಿಡಲ್ ಕ್ಲಿಕ್ ಪೇಸ್ಟ್’ ಬಂದ್ ಮಾಡಿದರೆ ಗ್ನೋಮ್ ಆ್ಯಪ್‌ಗಳಲ್ಲಿ ಈ ಕಾಟ ತಪ್ಪುತ್ತದೆ.

ಟೈಪ್ ಮಾಡುವಾಗ ಕರ್ಸರ್ ಹಾರುವುದು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕನ್ನಡದಲ್ಲಿ ಬರೆಯುವವರಿಗೆ ಇದರ ಕಾಟ ದುಪ್ಪಟ್ಟು. ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಕೀಲಿ ಬೇಕು. ನಡುವೆ ಕರ್ಸರ್ ಹಾರಿದರೆ ಮೂಲಾಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ.

ಇದಕ್ಕೆಂದೇ ಲಿಬ್‌ಇನ್‌ಪುಟ್‌ನಲ್ಲಿ ಒಂದು ಏರ್ಪಾಡಿದೆ. ನೀವು ಟೈಪ್ ಮಾಡುವಷ್ಟು ಹೊತ್ತು, ನಿಲ್ಲಿಸಿದ ಮೇಲೂ ಸುಮಾರು ಅರೆ ಸೆಕೆಂಡು, ಟಚ್‌ಪ್ಯಾಡ್ ಕಿವುಡಾಗುತ್ತದೆ. ಸ್ವಭಾವತಃ ಚಾಲೂ ಇರುತ್ತದೆ. ಕಂಟ್ರೋಲ್, ಆಲ್ಟ್‌ನಂಥ ಕೀಲಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಅವನ್ನು ಒತ್ತಿಕೊಂಡೇ ಕ್ಲಿಕ್ ಮಾಡುವುದು ವಾಡಿಕೆ. ಕೀಲಿಯಿಂದ ಓಡಿ ಟಚ್‌ಪ್ಯಾಡಿನಿಂದ ತಿರುಗುವ ಆಟಗಳನ್ನು ಆಡುವ ಮಕ್ಕಳಿಗೆ ಇದೇ ಏರ್ಪಾಡು ‘ಟಚ್‌ಪ್ಯಾಡ್ ಹಿಡಿದುಕೊಳ್ಳುತ್ತದೆ’ ಎಂದು ಕಾಣುತ್ತದೆ. ಅವರಿಗೆ ಆಟದ ಹೊತ್ತಿಗೆ ‘ಡಿಸೇಬಲ್ ವೈಲ್ ಟೈಪಿಂಗ್’ ಬಂದ್ ಮಾಡಿಕೊಡಿ.

ಚಾಲೂ ಇದ್ದೂ ಕರ್ಸರ್ ಹಾರುತ್ತಿದೆಯೇ? ಹಾಗಾದರೆ ಲಿಬ್‌ಇನ್‌ಪುಟ್‌ಗೆ ನಿಮ್ಮ ಕೀಬೋರ್ಡ್ ಲ್ಯಾಪ್‌ಟಾಪಿನದೇ ಎಂದು ಗೊತ್ತಾಗದಿರಬಹುದು. ಹೊರಗಿನಿಂದ ಸಿಕ್ಕಿಸಿದ ಯುಎಸ್‌ಬಿ ಕೀಬೋರ್ಡಿಗೂ ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೂ ಅದು ಗಂಟು ಹಾಕುವುದಿಲ್ಲ, ಹಾಕಬೇಕಾದ ಕಾರಣವೂ ಇಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಕೀಬೋರ್ಡೇ ಯುಎಸ್‌ಬಿ ಮೂಲಕ ಜೋಡಿಸಿರುತ್ತದೆ, ಆಗ ಗುರುತು ತಪ್ಪುತ್ತದೆ. ಇನ್ನೊಂದು ಕಾರಣ ಕೀಲಿ ಬದಲಿಸುವ ‘ಕೀಡಿ’ಯಂಥ ತಂತ್ರಾಂಶ. ಕ್ಯಾಪ್ಸ್‌ಲಾಕನ್ನು ಕಂಟ್ರೋಲ್ ಮಾಡಿಕೊಳ್ಳಲು ಇದನ್ನು ಹಾಕಿಕೊಂಡರೆ ನಿಜವಾದ ಕೀಬೋರ್ಡ್ ಮರೆಯಾಗಿ ಒಂದು ಕಲ್ಪಿತ ಕೀಬೋರ್ಡ್ ಮುಂದೆ ಬರುತ್ತದೆ. ಲಿಬ್‌ಇನ್‌ಪುಟ್‌ಗೆ ಅದು ಅಪರಿಚಿತ. ಎರಡಕ್ಕೂ ಮದ್ದು ಒಂದೇ: ಆ ಕೀಬೋರ್ಡ್ ಒಳಗಿನದು ಎಂದು ಹೇಳುವ ಕ್ವರ್ಕ್ ಕಡತ. ಅದರ ವಿಷಯ ಕೊನೆಗೆ ಹೇಳುತ್ತೇನೆ. ಕನ್ನಡಕ್ಕೆ ಬಳಸುವ ಐಬಸ್ ಮೇಲೆ ಗುಮಾನಿ ಬೇಡ. ಅದು ಕಲ್ಪಿತ ಕೀಬೋರ್ಡ್ ಹುಟ್ಟಿಸುವುದಿಲ್ಲ.

ಒಳಗಿಣುಕುವುದು

ಇಷ್ಟರಲ್ಲಿ ಸರಿಹೋಗದಿದ್ದರೆ ಟರ್ಮಿನಲ್ ತೆರೆಯಬೇಕು. ಇಲ್ಲಿ ಕನ್ನಡದಲ್ಲಿ ಬರೆದಿರುವ ಕಮಾಂಡುಗಳನ್ನು ಅಲ್ಲಿ ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಹೊಡೆಯಿರಿ. ‘ಲಿಬ್‌ಇನ್‌ಪುಟ್’ ನಡುವೆ ಜಾಗ ಬಿಡದ ಒಂದೇ ಪದ. ಅದರ ಉಪಕರಣಗಳಿಗಾಗಿ ಉಬುಂಟು, ಮಿಂಟ್‌ನಲ್ಲಿ ‘ಲಿಬ್‌ಇನ್‌ಪುಟ್-ಟೂಲ್ಸ್’, ಫೆಡೊರಾದಲ್ಲಿ ‘ಲಿಬ್‌ಇನ್‌ಪುಟ್-ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ.

ಮೊದಲು ನಿಮ್ಮ ಸೆಷನ್ ಹಳೆಯ ಎಕ್ಸ್11ನದೋ ಅದರ ಜಾಗಕ್ಕೆ ಬಂದ ವೇಲ್ಯಾಂಡಿನದೋ ತಿಳಿಯಿರಿ. ಗ್ನೋಮ್ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದ ಸಿಸ್ಟಂ ವಿವರಗಳಲ್ಲಿ ‘ವಿಂಡೋಯಿಂಗ್ ಸಿಸ್ಟಂ’ ಎಂಬ ಸಾಲಿನಲ್ಲಿ ಇರುತ್ತದೆ. ಉಬುಂಟು 25.10ರಿಂದ ಮುಖ್ಯ ಡೆಸ್ಕ್‌ಟಾಪಿಗೆ ಎಕ್ಸ್11 ಸೆಷನ್ನೇ ಇಲ್ಲ. ಮಿಂಟ್‌ನ ಸಿನಮನ್ ಇನ್ನೂ ಮುಖ್ಯವಾಗಿ ಎಕ್ಸ್11 ಮೇಲೆಯೇ ನಿಂತಿದೆ. ಇದು ಏಕೆ ಬೇಕೆಂದರೆ, ‘ಎಕ್ಸ್‌ಇನ್‌ಪುಟ್’ ಕಮಾಂಡ್ ಬಳಸಿ ಎನ್ನುವ ಸಲಹೆಗಳೆಲ್ಲ ಎಕ್ಸ್11ಗೆ ಮಾತ್ರ. ವೇಲ್ಯಾಂಡ್‌ನಲ್ಲಿ ಹೊಡೆದರೆ ‘ಎಕ್ಸ್‌ವೇಲ್ಯಾಂಡ್-ಪಾಯಿಂಟರ್’ ಎಂಬ ನೆರಳು ಸಾಧನಗಳು ಕಾಣುತ್ತವೆಯೇ ಹೊರತು ಟಚ್‌ಪ್ಯಾಡ್ ಕಾಣುವುದಿಲ್ಲ. ಮೂರು ಬೆರಳಿನಿಂದ ವರ್ಕ್‌ಸ್ಪೇಸ್ ಬದಲಿಸುವ ಸನ್ನೆಗಳೂ 2021ರ ಗ್ನೋಮ್ 40ರಿಂದ ವೇಲ್ಯಾಂಡ್‌ನಲ್ಲಿ ತಾವಾಗಿ ಬರುತ್ತವೆ, ಎಕ್ಸ್11ನಲ್ಲಾದರೆ ‘ಟಚೆಗ್’ನಂಥ ಹೆಚ್ಚುವರಿ ತಂತ್ರಾಂಶ ಬೇಕಾಗುತ್ತದೆ.

ಈಗ ‘ಸುಡೊ ಲಿಬ್‌ಇನ್‌ಪುಟ್ ಲಿಸ್ಟ್-ಡಿವೈಸಸ್’ ಹೊಡೆಯಿರಿ. ಉದ್ದ ಪಟ್ಟಿಯಲ್ಲಿ ಟಚ್‌ಪ್ಯಾಡ್ ಎಂಬ ಹೆಸರಿನ ಸಾಧನ ಹುಡುಕಿ. ಇದ್ದರೆ ಕರ್ನಲ್ ಅದನ್ನು ಗುರುತಿಸಿದೆ. ಅದರ ಬದಲು ‘ಪಿಎಸ್/2 ಜೆನೆರಿಕ್ ಮೌಸ್’ ಎಂದಿದ್ದರೆ ಕರ್ನಲ್ ಅದನ್ನು ಸಾದಾ ಮೌಸ್ ಎಂದು ತಿಳಿದಿದೆ. ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ವಿಭಾಗವೇ ಕಾಣದಿರುವುದಕ್ಕೂ ಎರಡು ಬೆರಳಿನ ಸ್ಕ್ರೋಲ್ ಬಾರದಿರುವುದಕ್ಕೂ ಇದೇ ಕಾರಣ. ಇಂಥಲ್ಲಿ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಎಷ್ಟು ತಿರುವಿದರೂ ವ್ಯರ್ಥ. ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ಕರ್ನಲ್‌ಗೆ ಹಲಗೆ ಕಂಡೇ ಇಲ್ಲ.

ಒಂದು ಎಚ್ಚರಿಕೆ. ಈ ಪಟ್ಟಿ ತೋರಿಸುವ ‘ಟ್ಯಾಪ್-ಟು-ಕ್ಲಿಕ್: ಡಿಸೇಬಲ್ಡ್’ ಮುಂತಾದ ಸಾಲುಗಳು ಲಿಬ್‌ಇನ್‌ಪುಟ್‌ನ ಹುಟ್ಟುಗುಣ, ನಿಮ್ಮ ಡೆಸ್ಕ್‌ಟಾಪ್ ಈಗ ಇಟ್ಟಿರುವ ಆಯ್ಕೆ ಅಲ್ಲ. ಇದನ್ನು ತಪ್ಪಾಗಿ ಓದಿ ಇಲ್ಲದ ದೋಷದ ಬೆನ್ನು ಹತ್ತುವವರು ಬಹಳ.

ಮುಂದಿನದು ‘ಸುಡೊ ಲಿಬ್‌ಇನ್‌ಪುಟ್ ಡೀಬಗ್-ಈವೆಂಟ್ಸ್’. ಹೊಡೆದು ಬೆರಳಾಡಿಸಿ. ಪ್ರತಿ ಚಲನೆ, ಪ್ರತಿ ಕ್ಲಿಕ್, ಪ್ರತಿ ಸ್ಕ್ರೋಲ್ ಸಾಲುಸಾಲಾಗಿ ಇಳಿಯುತ್ತದೆ. ತಟ್ಟುವುದನ್ನು ಪರೀಕ್ಷಿಸಬೇಕಾದರೆ ‘--ಎನೇಬಲ್-ಟ್ಯಾಪ್’ ಸೇರಿಸಿ, ಏಕೆಂದರೆ ಇದೂ ಹುಟ್ಟುಗುಣದಲ್ಲೇ ನಡೆಯುತ್ತದೆ. ಇಲ್ಲಿ ಸ್ಕ್ರೋಲ್ ಸರಾಗವಾಗಿ ಇಳಿಯುತ್ತಿದ್ದು ಬ್ರೌಸರಿನಲ್ಲಿ ಮಾತ್ರ ಮುಗ್ಗರಿಸಿದರೆ ತಪ್ಪು ಬ್ರೌಸರಿನದು. ಬೆರಳು ಎತ್ತಿದ ಮೇಲೂ ಪುಟ ಜಾರುತ್ತಾ ಹೋಗುವ ಗುಣವನ್ನು ಕೊಡಬೇಕಾದದ್ದು ಆಯಾ ಆ್ಯಪ್, ಲಿಬ್‌ಇನ್‌ಪುಟ್ ಅಲ್ಲ. ಸ್ಕ್ರೋಲಿನ ವೇಗವೂ ಹಾಗೆಯೇ. ಕೆಡಿಇ ಅದಕ್ಕೊಂದು ಜಾರುಪಟ್ಟಿ (ಸ್ಲೈಡರ್) ಕೊಟ್ಟಿದೆ, ಗ್ನೋಮ್ ಬಳಕೆದಾರರು ಅದನ್ನು ಬಹುಕಾಲದಿಂದ ಕೇಳುತ್ತಲೇ ಬಂದಿದ್ದಾರೆ. ಕೇಳಬೇಕಾದದ್ದೇ.

ಇನ್ನು ‘ಜರ್ನಲ್‌ಸಿಟಿಎಲ್ -ಬಿ’ ಕೊಡುವ ದಾಖಲೆಯಲ್ಲಿ ಎರಡು ಸಾಲು ಹುಡುಕಿ. ‘ಟಚ್ ಜಂಪ್ ಡಿಟೆಕ್ಟೆಡ್ ಅಂಡ್ ಡಿಸ್ಕಾರ್ಡೆಡ್’ ಎಂದಿದ್ದರೆ ಹಲಗೆಯೋ ಕರ್ನಲ್ಲೋ ಸುಳ್ಳು ಅಂಕಿ ಕಳಿಸಿದೆ, ಲಿಬ್‌ಇನ್‌ಪುಟ್ ಹಿಡಿದು ಎಸೆದಿದೆ. ಅಪರೂಪಕ್ಕೊಮ್ಮೆ ಬಂದರೆ ಚಿಂತೆಯಿಲ್ಲ. ‘ಈವೆಂಟ್ ಪ್ರೊಸೆಸಿಂಗ್ ಲ್ಯಾಗಿಂಗ್ ಬಿಹೈಂಡ್’ ಎಂದಿದ್ದರೆ ಟಚ್‌ಪ್ಯಾಡ್ ಸರಿಯಾಗಿಯೇ ಇದೆ, ಗಣಕಕ್ಕೆ ಉಸಿರು ಕಟ್ಟಿದೆ. 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬ್ ತೆರೆದಿಟ್ಟು ಕರ್ಸರ್ ಅಂಟಂಟಾಗಿದೆ ಎಂದರೆ ಮೊದಲು ಟ್ಯಾಬ್ ಮುಚ್ಚಿ.

ಕರ್ನಲ್ ಹಂತದಲ್ಲಿ

ಹಳೆಯ ಟಚ್‌ಪ್ಯಾಡುಗಳು ಗಣಕದ ಜತೆ ಮಾತಾಡುವುದು ಪಿಎಸ್/2 ಎಂಬ ದಾರಿಯಲ್ಲಿ. 1987ರಲ್ಲಿ ಐಬಿಎಂ ಕೀಬೋರ್ಡ್, ಮೌಸಿಗಾಗಿ ತಂದ ಇಕ್ಕಟ್ಟಿನ ದಾರಿ ಅದು. ಮೂರು ನಾಲ್ಕು ಬೆರಳುಗಳ ಜಾಗ ಒಟ್ಟಿಗೆ ಹೇಳಲು ಅದರಲ್ಲಿ ಸಾಕಷ್ಟು ಎಡೆಯಿಲ್ಲ. ಹೊಸವು ಐ2ಸಿ ದಾರಿ ಹಿಡಿದಿವೆ. 2013ರ ವಿಂಡೋಸ್ 8.1 ಜತೆ ಮೈಕ್ರೋಸಾಫ್ಟ್ ತಂದ ಪ್ರಿಸಿಷನ್ ಟಚ್‌ಪ್ಯಾಡ್ ಮಾನದಂಡದಿಂದ ಲಿನಕ್ಸ್‌ಗೂ ಉಪಕಾರವಾಯಿತು. ಕಂಪನಿಗೊಂದು ಭಾಷೆ ಕಲಿಯುವ ಬದಲು ಒಂದೇ ಭಾಷೆ ಕಲಿತರೆ ಸಾಕಾಯಿತು.

ನಡುವಿನ ಕಾಲದ ಸಿನಾಪ್ಟಿಕ್ಸ್ ಕಂಪನಿಯ ಕೆಲವು ಹಲಗೆಗಳಿಗೆ ಪಿಎಸ್/2 ಅಲ್ಲದೆ ಇನ್ನೊಂದು ದಾರಿಯೂ ಗೊತ್ತು. ಆದರೆ ಕರ್ನಲ್ ಎಚ್ಚರಿಕೆಯಿಂದ ಹಳೆಯದನ್ನೇ ಹಿಡಿದಿರುತ್ತದೆ. ‘ಸುಡೊ ಡಿಮೆಸೇಜ್’ ಎಂದು ಬಾಯಲ್ಲಿ ಹೇಳುವ, ಡಿ-ಎಂ-ಇ-ಎಸ್-ಜಿ ಎಂದು ಹೊಡೆಯುವ ಕಮಾಂಡಿನ ಉತ್ತರದಲ್ಲಿ ‘ನಿಮ್ಮ ಟಚ್‌ಪ್ಯಾಡ್ ಬೇರೆ ಬಸ್ಸನ್ನೂ (ಅಂದರೆ ದಾರಿಯನ್ನೂ) ಬೆಂಬಲಿಸುತ್ತದೆಯಂತೆ’ ಎಂಬರ್ಥದ ಸಾಲಿದ್ದು, ‘ಪಿಎಸ್‌ಮೌಸ್.ಸಿನಾಪ್ಟಿಕ್ಸ್_ಇಂಟರ್‌ಟಚ್’ ಎಂಬುದನ್ನು 1 ಮಾಡಿ ನೋಡಿ ಎಂದು ಕರ್ನಲ್ಲೇ ಸೂಚಿಸಿದ್ದರೆ, ಮಾಡಿ ನೋಡಬಹುದು. ಆದರೆ ಕಾಯಂ ಆಗಿ ಅಲ್ಲ. ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಇದನ್ನು ಸೇರಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ. ಕೆಟ್ಟರೆ ರೀಸ್ಟಾರ್ಟ್ ಮಾಡಿದರೆ ಹಳೆಯದೇ ಬರುತ್ತದೆ. ಒಂದೆರಡು ದಿನ ಚೆನ್ನಾಗಿ ನಡೆದರೆ ಆಮೇಲೆ ಗ್ರಬ್ ಕಡತದಲ್ಲಿ ಬರೆದಿಡಿ. ಯಾವುದೇ ಕರ್ನಲ್ ಆಯ್ಕೆಯನ್ನು ಹೀಗೇ ಪರೀಕ್ಷಿಸುವುದು ಒಳ್ಳೆಯದು.

ಮುಚ್ಚಿ ತೆರೆದ ಮೇಲೆ ಸಾಯುವ ಟಚ್‌ಪ್ಯಾಡಿಗೆ ಡ್ರೈವರನ್ನು ಇಳಿಸಿ ಏರಿಸುವುದು ತಾತ್ಕಾಲಿಕ ಮದ್ದು. ಪಿಎಸ್/2 ಆದರೆ ‘ಸುಡೊ ಮಾಡ್‌ಪ್ರೋಬ್ -ಆರ್ ಪಿಎಸ್‌ಮೌಸ್’, ಆಮೇಲೆ ‘-ಆರ್’ ಇಲ್ಲದೆ ಅದೇ ಕಮಾಂಡ್. ಐ2ಸಿ ಆದರೆ ಪಿಎಸ್‌ಮೌಸ್ ಬದಲು ‘ಐ2ಸಿ_ಎಚ್‌ಐಡಿ_ಎಸಿಪಿಐ’. ಇದರಿಂದ ಜೀವ ಬಂದರೆ ದೋಷ ಕರ್ನಲ್‌ನಲ್ಲೋ ಬಯಾಸ್‌ನಲ್ಲೋ ಇದೆ ಎಂಬುದು ಖಚಿತ. ಬಯಾಸ್ ಅಪ್‌ಡೇಟ್ ಇದೆಯೇ ನೋಡಿ. ‘ಎಫ್‌ಡಬ್ಲ್ಯುಅಪ್‌ಡಿ’ ಎಂಬ ಉಪಕರಣದ ಮೂಲಕ ಡೆಲ್, ಲೆನೊವೊದಂಥ ಕಂಪನಿಗಳು ಲಿನಕ್ಸ್ ಬಳಕೆದಾರರಿಗೂ ಫರ್ಮ್‌ವೇರ್ ಕೊಡುತ್ತವೆ, ಕೆಲವು ಟಚ್‌ಪ್ಯಾಡುಗಳದ್ದೂ ಅದರಲ್ಲಿ ಬರುತ್ತದೆ.

ಲ್ಯಾಪ್‌ಟಾಪ್ ಹೊಸದಾಗಿದ್ದು ಲಿನಕ್ಸ್ ಹಳೆಯದಾಗಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಫೆಡೊರಾದ ಇತ್ತೀಚಿನ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ಅಲ್ಲಿ ಟಚ್‌ಪ್ಯಾಡ್ ಸರಿಯಾಗಿ ನಡೆದರೆ ನಿಮಗೆ ಬೇಕಾದದ್ದು ಹೊಸ ಕರ್ನಲ್, ಅಷ್ಟೆ. ನಿನ್ನೆಯವರೆಗೆ ಸರಿಯಿದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ತಿರುಗಾಮುರುಗಾ: ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ.

ಕ್ವರ್ಕ್ ಕಡತ ಮತ್ತು ದೂರು

ಬೆರಳನ್ನು ಜೋರಾಗಿ ಒತ್ತಿದರೆ ಮಾತ್ರ ಕರ್ಸರ್ ಸರಿಯುತ್ತದೆ, ಅಥವಾ ಮುಟ್ಟುವ ಮುನ್ನವೇ ಸರಿಯುತ್ತದೆ ಎಂದಾದರೆ ಒತ್ತಡದ ಮಿತಿ ನಿಮ್ಮ ಹಲಗೆಗೆ ಹೊಂದಿಲ್ಲ. ‘ಸುಡೊ ಲಿಬ್‌ಇನ್‌ಪುಟ್ ಮೆಷರ್ ಟಚ್‌ಪ್ಯಾಡ್-ಪ್ರೆಶರ್’ ಕಮಾಂಡ್ ನಿಮ್ಮ ಬೆರಳಿನ ಒತ್ತಡವನ್ನು ಅಂಕಿಗಳಲ್ಲಿ ತೋರಿಸುತ್ತದೆ. ಒತ್ತಡ ಅಳೆಯದ ಹಲಗೆಯಾದರೆ ಹಾಗೆಂದು ಹೇಳಿ ನಿಲ್ಲುತ್ತದೆ. ಅದರಲ್ಲಿ ಕಂಡ ಅಂಕಿಗಳನ್ನು ಇಟಿಸಿ ಫೋಲ್ಡರಿನೊಳಗಿನ ಲಿಬ್‌ಇನ್‌ಪುಟ್ ಫೋಲ್ಡರಿನಲ್ಲಿ ‘ಲೋಕಲ್-ಓವರ್‌ರೈಡ್ಸ್.ಕ್ವರ್ಕ್ಸ್’ ಎಂಬ ಕ್ವರ್ಕ್ ಕಡತದಲ್ಲಿ ಬರೆಯಬೇಕು. ಮೇಲೆ ಹೇಳಿದ ಕೀಬೋರ್ಡ್ ಗುರುತಿನ ಸಾಲೂ ಅಲ್ಲಿಗೇ. ಬರೆಯುವ ವಿಧಾನ ಲಿಬ್‌ಇನ್‌ಪುಟ್‌ನ ಕೈಪಿಡಿಯಲ್ಲಿ ಉದಾಹರಣೆ ಸಮೇತ ಇದೆ. ಬೇರೆ ಲ್ಯಾಪ್‌ಟಾಪಿನ ಅಂಕಿಗಳನ್ನು ಎತ್ತಿ ಹಾಕಬೇಡಿ. ಬರೆದ ಮೇಲೆ ಲಾಗೌಟ್ ಆಗಿ ಬಂದರೆ ಜಾರಿಗೆ ಬರುತ್ತದೆ.

ಅಲ್ಲಿಗೇ ನಿಲ್ಲದೆ ಲಿಬ್‌ಇನ್‌ಪುಟ್ ಯೋಜನೆಗೆ ದೂರು ಬರೆಯಿರಿ. ‘ಸುಡೊ ಲಿಬ್‌ಇನ್‌ಪುಟ್ ರೆಕಾರ್ಡ್’ ಕಮಾಂಡ್ ಚಾಲೂ ಮಾಡಿ, ದೋಷ ಕಾಣಿಸುವಂತೆ ಕೆಲವೇ ಸೆಕೆಂಡು ಬೆರಳಾಡಿಸಿ, ನಿಲ್ಲಿಸಿ, ಅದರ ಔಟ್‌ಪುಟ್ಟನ್ನು ಕಡತವಾಗಿ ಉಳಿಸಿ ಜತೆಗಿಡಿ. ಅಭಿವೃದ್ಧಿಕಾರರು ತಮ್ಮ ಗಣಕದಲ್ಲಿ ನಿಮ್ಮ ಬೆರಳಿನ ಚಲನೆಯನ್ನೇ ಮರಳಿ ನಡೆಸಿ ನೋಡಬಲ್ಲರು. ಕೀಬೋರ್ಡನ್ನೂ ದಾಖಲಿಸಬೇಕಾದಾಗ ನೀವು ಒತ್ತಿದ ಅಕ್ಷರಗಳನ್ನು ಅದು ತಾನಾಗಿ ಮರೆಮಾಡುತ್ತದೆ, ಆದರೂ ಆ ಹೊತ್ತಿನಲ್ಲಿ ಪಾಸ್‌ವರ್ಡ್ ಹೊಡೆಯದಿರುವುದು ಒಳಿತು. ‘ಟಚ್‌ಪ್ಯಾಡ್ ಸರಿಯಿಲ್ಲ’ ಎಂದು ಬರೆದರೆ ಯಾರಿಂದಲೂ ಏನೂ ಮಾಡಲಾಗದು. ಲ್ಯಾಪ್‌ಟಾಪಿನ ಮಾದರಿ, ಕರ್ನಲ್ ಆವೃತ್ತಿ, ಲಿಬ್‌ಇನ್‌ಪುಟ್ ಆವೃತ್ತಿ, ಚಾರ್ಜರ್ ಕಿತ್ತಾಗ ಏನಾಗುತ್ತದೆ ಎಂಬುದಿಷ್ಟು ಇರಲಿ.

ನಿಮ್ಮ ಮಾದರಿಗೆ ತಿದ್ದುಪಡಿ ಬಂದ ಮೇಲೆ ಆ ಕ್ವರ್ಕ್ ಕಡತವನ್ನು ಅಳಿಸಿಹಾಕಿ. ಅದರ ಸಾಲುಗಳು ಮುಂದಿನ ಆವೃತ್ತಿಯಲ್ಲೂ ಹೀಗೇ ನಡೆಯುತ್ತವೆ ಎಂದು ಲಿಬ್‌ಇನ್‌ಪುಟ್ ಭರವಸೆ ಕೊಟ್ಟಿಲ್ಲ. ಇವತ್ತಿನ ಮದ್ದು ಮುಂದೊಂದು ಅಪ್‌ಡೇಟಿನ ನಂತರ ಹೊಸ ತೊಂದರೆಯಾಗಿ ತಿರುಗಬಹುದು. ಅಷ್ಟು ಹೊತ್ತಿಗೆ ಇಂಥದೊಂದು ಕಡತ ಇದೆಯೆಂಬುದೇ ನಿಮಗೆ ಮರೆತಿರುತ್ತದೆ.